ಹೊಲದಲ್ಲಿ ಬರೀ ತೊಗರಿ ಬ್ಯಾಡ

ಆಳಂದ, ಅಫಜಲಪುರ, ಜೇವರ್ಗಿ. ಎಲ್ಲಿ ನೋಡಿದರೂ ತೊಗರಿ ಹೊಲ. ಮೊದಲು ಮಿರಗದ ಮಳಿಗೆ ಬಿತ್ತುತ್ತಿದ್ದೆವು. ಈಗ ಮಳಿ ಹೊತ್ತಿಗೆ ಬರೋದಿಲ್ಲ. ಬಂದರೆ ಒಮ್ಮೆಲೇ ಸುರಿಯುತ್ತದೆ.

ಯಾಕೆ ಹೀಗೆ? ಕಲ್ಲಿದ್ದಲು, ಡೀಸೆಲ್ ಸುಟ್ಟ ಹೊಗೆಯಿಂದ ಭೂಮಿ ಕಾಯುತ್ತಿದೆ. ಕಾದ ಗಾಳಿ ಹೆಚ್ಚು ನೀರು ಹೊರುತ್ತದೆ. ಹೆಚ್ಚು ಸುಟ್ಟವರು ಶ್ರೀಮಂತ ದೇಶದವರು. ಪೆಟ್ಟು ನಮಗೆ!

2020ರ ಅಕ್ಟೋಬರ್‌ನಲ್ಲಿ ಭೀಮಾ ಹೊಳಿ ಉಕ್ಕಿತು. ಅಫಜಲಪುರ, ಜೇವರ್ಗಿಯ ಹೊಲಗಳು ಮುಳುಗಿದವು. ತೊಗರಿ ಇನ್ನೂ ಹೊಲದಲ್ಲೇ ಇತ್ತು. ನೀರು ನಿಂತರೆ ಅದರ ಬೇರು ಕೊಳೆಯುತ್ತದೆ.

ತೊಗರಿ ಕೈಗೆ ಬರಲು ಸುಮಾರು ಆರು ತಿಂಗಳು ಬೇಕು. ಹೆಸರಿಗೆ ಎರಡೂವರೆ ತಿಂಗಳು ಸಾಕು. ತೊಗರಿ ಸಾಲಿನ ನಡುವೆ ಹೆಸರು, ಸಜ್ಜಿ ಹಾಕೋಣ. ಒಂದು ಹೋದರೂ ಇನ್ನೊಂದು ಉಳಿದೀತು.

ನಮ್ಮ ಅತ್ತೆಯರು ಹೀಗೇ ಮಾಡುತ್ತಿದ್ದರು. ಬೀಜಕ್ಕೆ ಬೂದಿ ಬೆರೆಸಿ ಗಡಿಗೆಯಲ್ಲಿ ಇಡುತ್ತಿದ್ದರು. ತೊಗರಿಗೆ ರೇಟು ಬಂತು, ನಾವು ಬಿಟ್ಟೆವು. ಈಗ ಮಳಿ ಕೈಕೊಟ್ಟು ಮತ್ತೆ ಬಿತ್ತಬೇಕಾದರೆ ಬೀಜಕ್ಕೂ ಸಾಲ!