ಹ್ಯಾಮ್ಲೆಟ್: ಚೀನದಲ್ಲಿ, ಬಿದನೂರಿನಲ್ಲಿ

ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ದುರಂತವನ್ನು, ಕ್ರಿ.ಶ. 907ರಲ್ಲಿ ಟಾಂಗ್ ಸಾಮ್ರಾಜ್ಯವು ಅಳಿದ ತರುವಾಯದ ಅರಾಜಕ ಕಾಲಕ್ಕೆ ಒಯ್ದು ನಿಲ್ಲಿಸಿದ, ಫೆಂಗ್ ಶಿಯಾವೊಗಾಂಗನ 2006ರ ಚಿತ್ರ 'ದ ಬ್ಯಾಂಕ್ವೆಟ್' ಅನ್ನು ಕಂಡವರಲ್ಲಿ ಅದರ ವರ್ಣವೈಭವಕ್ಕೂ ನೃತ್ಯಸದೃಶವಾದ ಖಡ್ಗಯುದ್ಧಕ್ಕೂ ಮನಸೋತವರುಂಟು. ಗತಿ ಮಂದವೆಂದೂ, ರಾಜಕುಮಾರನ ಅಂತರ್ದ್ವಂದ್ವವು ಆಡಂಬರದಲ್ಲಿ ಮರೆಯಾಯಿತೆಂದೂ ಬೇಸತ್ತವರುಂಟು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಮೂಲದಲ್ಲಿ ಗೌಣಳಾದ ರಾಣಿಯು ಇಲ್ಲಿ, ಜಾಂಗ್ ಝೀಯಿಯ ಅಭಿನಯದಲ್ಲಿ, ಸಿಂಹಾಸನಾಕಾಂಕ್ಷಿಣಿಯಾಗಿ ಕಥೆಯ ಕೇಂದ್ರವನ್ನೇ ಆಕ್ರಮಿಸುವಳು. ಮರುಸೃಷ್ಟಿ ಮಾಡುವವನಿಗೆ ಈ ಸ್ವಾತಂತ್ರ್ಯ ಸಲ್ಲತಕ್ಕದ್ದೇ.

ಕನ್ನಡಿಗರಿಗೆ ಈ ಸಾಹಸವು ಹೊಸತಲ್ಲ. 1930ರ ದಶಕದಲ್ಲಿಯೇ ಕುವೆಂಪು ಅವರು ಅದೇ ದುರಂತವನ್ನು ಕೆಳದಿ ಅರಸರ ಬಿದನೂರಿಗೆ ತಂದು 'ರಕ್ತಾಕ್ಷಿ' ನಾಟಕವನ್ನು ರಚಿಸಿದರು. ಅಲ್ಲಿ ಬಸವಯ್ಯನೇ ಹ್ಯಾಮ್ಲೆಟ್, ನಿಂಬಯ್ಯನೇ ದ್ರೋಹಿ. ನೀರಿನಲ್ಲಿ ಮುಳುಗಿ ಮರೆಯಾಗುವ, ಹ್ಯಾಮ್ಲೆಟನ ಪ್ರೇಯಸಿ ಒಫೀಲಿಯಾಳ ಸ್ಥಾನದಲ್ಲಿ ನಮ್ಮ ರುದ್ರಾಂಬೆಯು, ದುಃಖವೇ ರೋಷವಾಗಿ, ಪ್ರತೀಕಾರಮೂರ್ತಿಯಾಗಿ ನಿಲ್ಲುವಳು. ಚೀನದ ಚಿತ್ರವು ಕಣ್ಣನ್ನು ತಣಿಸುವುದು ದಿಟ. ಹೃದಯವನ್ನು ಕಲಕುವ ಶಕ್ತಿ, ನನ್ನ ಮತದಲ್ಲಿ, 'ರಕ್ತಾಕ್ಷಿ'ಗೇ ಹೆಚ್ಚು. ಚಿತ್ರವನ್ನು ಅವಶ್ಯವಾಗಿ ನೋಡಿರಿ. ಅದಕ್ಕೆ ಮೊದಲು ಗ್ರಂಥಾಲಯದಿಂದ 'ರಕ್ತಾಕ್ಷಿ'ಯನ್ನು ತಂದು ಓದಿರಿ.