ಔತಣದ ಮೊದಲ ತಟ್ಟೆ

ಒಂದು ಕಾಲದ ಜನಜೀವನವನ್ನು ಅರಿಯಲು ಶಾಸನಗಳೂ ಕೋಟೆಕೊತ್ತಲಗಳೂ ನೆರವಾಗುವಂತೆ ಊಟದ ಮೇಜೂ ನೆರವಾಗಬಲ್ಲದು. ಏಳನೆಯ ಎಡ್ವರ್ಡ್ ದೊರೆಯು 1901ರಿಂದ 1910ರವರೆಗೆ ಬ್ರಿಟನ್ನನ್ನು ಆಳಿದನು. ಅವನ ಕಾಲದ ಶ್ರೀಮಂತರ ಔತಣಗಳು ವೈಭವಕ್ಕೆ ಹೆಸರಾದವು.

ಹಿಂದೆ ಯುರೋಪಿನ ಔತಣಗಳಲ್ಲಿ ಹಲವು ಭಕ್ಷ್ಯಗಳನ್ನು ಒಮ್ಮೆಗೇ ಮೇಜಿನ ಮೇಲೆ ಹರಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದೊಂದನ್ನೇ ಸರದಿಯಂತೆ ಬಡಿಸುವ ರಷ್ಯನ್ ಪದ್ಧತಿಯು ರೂಢಿಗೆ ಬಂದಿತು. ಆಗ ಔತಣಕ್ಕೆ ನಾಂದಿ ಹಾಡುವ ಕಿರುತಿನಿಸುಗಳಿಗೆ ವಿಶೇಷ ಸ್ಥಾನ ದೊರೆಯಿತು. ಹೊಗೆಯಲ್ಲಿ ಹದಗೊಳಿಸಿದ ಮೀನು, ಹೂರಣ ತುಂಬಿದ ಮೊಟ್ಟೆ, ಉಪ್ಪು ಬೆರೆಸಿದ ಮೀನಿನ ಮೊಟ್ಟೆಗಳಾದ ಕ್ಯಾವಿಯರ್ ಮೊದಲಾದವು ಇವುಗಳಲ್ಲಿ ಮುಖ್ಯವಾದವು. ಹಸಿವನ್ನು ಕೆರಳಿಸುವುದು ಇವುಗಳ ಕೆಲಸವೇ ಹೊರತು ತಣಿಸುವುದಲ್ಲ.

ಲಂಡನ್ನಿನ ಹೋಟೆಲುಗಳಲ್ಲಿ ಕೀರ್ತಿ ಗಳಿಸಿದ ಫ್ರೆಂಚ್ ಪಾಕಶಾಸ್ತ್ರಜ್ಞ ಎಸ್ಕಾಫಿಯೆ 1903ರಲ್ಲಿ ತನ್ನ ಮಹಾಗ್ರಂಥವನ್ನು ಪ್ರಕಟಿಸಿದನು. ತಣ್ಣನೆಯ ಕಿರುತಿನಿಸುಗಳು ಮಧ್ಯಾಹ್ನದ ಊಟಕ್ಕೆ ತಕ್ಕವು, ರಾತ್ರಿಯ ಭೋಜನಕ್ಕಲ್ಲ ಎಂಬುದು ಆತನ ಮತ. ಆದರೆ ಉತ್ತಮವಾದ ಕ್ಯಾವಿಯರ್ ಮತ್ತು ಸಿಂಪಿಗಳಿಗೆ ಆತನು ವಿನಾಯಿತಿ ನೀಡಿದನು.

ಸಿಂಪಿ ಎಂದರೆ ಚಿಪ್ಪಿನೊಳಗೆ ಬದುಕುವ ಒಂದು ಕಡಲಜೀವಿ. ಅದನ್ನು ಹಸಿಯಾಗಿಯೇ ತಿನ್ನುತ್ತಿದ್ದರು. ಸೋಜಿಗವೆಂದರೆ, ಅದು ಮೊದಲು ಬಡವರ ಆಹಾರವಾಗಿತ್ತು. 1836-37ರಲ್ಲಿ ಪ್ರಕಟವಾದ ಡಿಕನ್ಸನ ‘ಪಿಕ್ವಿಕ್ ಪೇಪರ್ಸ್’ ಕಾದಂಬರಿಯಲ್ಲಿ, ಬಡವರ ಕೇರಿಗಳಲ್ಲಿಯೇ ಸಿಂಪಿಯ ಅಂಗಡಿಗಳು ಹೆಚ್ಚು ಎಂಬ ಮಾತು ಬರುತ್ತದೆ. ಮಿತಿಯಿಲ್ಲದೆ ಬಾಚಿದ್ದರಿಂದ ಕಡಲತಳದ ಸಿಂಪಿಗಳು ಬರಿದಾದವು, ಬೆಲೆ ಏರಿತು. ಬಡವರ ತುತ್ತು ಸಿರಿವಂತರ ಬೆಳ್ಳಿಯ ತಟ್ಟೆಯನ್ನು ಸೇರಿತು.

ಆದರೆ ಬೆಳ್ಳಿಯ ತಟ್ಟೆ ರೋಗವನ್ನು ತಡೆಯಲಾರದು. 1902ರ ನವೆಂಬರಿನಲ್ಲಿ ವಿಂಚೆಸ್ಟರ್ ಮತ್ತು ಸೌತಾಂಪ್ಟನ್ ನಗರಗಳ ಮೇಯರರು ಏರ್ಪಡಿಸಿದ್ದ ಔತಣಗಳಲ್ಲಿ ಸಿಂಪಿ ತಿಂದವರಲ್ಲಿ ಹಲವರಿಗೆ ವಿಷಮಶೀತ ಜ್ವರ ತಗಲಿತು. ವಿಂಚೆಸ್ಟರಿನ ಪ್ರಧಾನ ಚರ್ಚಿನ ಮುಖ್ಯ ಪಾದ್ರಿಯೇ ಅದಕ್ಕೆ ಬಲಿಯಾದರು. ಆ ಸಿಂಪಿಗಳು ಎಮ್ಸ್‌ವರ್ತ್ ಎಂಬ ಕಡಲತೀರದ ಊರಿನಿಂದ ಬಂದಿದ್ದವು. ಅಲ್ಲಿ ಊರಿನ ಕೊಳಚೆಯು ಸಿಂಪಿಗಳನ್ನು ಇರಿಸುತ್ತಿದ್ದ ತಾಣದ ಬಳಿಯೇ ನೀರಿಗೆ ಸೇರುತ್ತಿತ್ತು. ಸಿಂಪಿಯು ನೀರನ್ನು ಸೋಸಿ ಆಹಾರ ಪಡೆಯುತ್ತದೆ. ನೀರು ಮಲಿನವಾದರೆ ರೋಗಾಣುಗಳು ಅದರೊಳಗೆ ಸಂಚಯವಾಗುತ್ತವೆ. ಎಮ್ಸ್‌ವರ್ತಿನ ಸಿಂಪಿ ವ್ಯಾಪಾರವು ನೆಲಕಚ್ಚಿತು. ಅದನ್ನೇ ನಂಬಿದ್ದ ಕುಟುಂಬಗಳು ಕಂಗೆಟ್ಟವು. ಅಲ್ಲಿನ ವ್ಯಾಪಾರಿಯೊಬ್ಬನು ಸ್ಥಳೀಯ ಆಡಳಿತದ ಮೇಲೆ ದಾವೆ ಹೂಡಿದನು. 1906ರಲ್ಲಿ ಮೇಲ್ಮನವಿ ನ್ಯಾಯಾಲಯವು ಆತನ ಪರವಾಗಿ ತೀರ್ಪಿತ್ತಿತು.

ಇದೇ ಕಾಲದಲ್ಲಿ ರೌನ್‌ಟ್ರೀ ಎಂಬ ಸಮಾಜಶೋಧಕನು ಯಾರ್ಕ್ ನಗರದ ಮನೆಮನೆಯ ಸ್ಥಿತಿಯನ್ನು ಪರಿಶೀಲಿಸಿ, 1901ರಲ್ಲಿ ಅದರ ಫಲವನ್ನು ಪ್ರಕಟಿಸಿದನು. ನಗರದ ಜನರಲ್ಲಿ ಶೇಕಡ 28ರಷ್ಟು ಮಂದಿ ಬಡತನದಲ್ಲಿದ್ದರು. ಒಂದೆಡೆ ಹಸಿವನ್ನು ಕೆರಳಿಸುವ ತಿನಿಸು. ಇನ್ನೊಂದೆಡೆ ಹಸಿವನ್ನು ಕಳೆಯಲು ಸಾಲದ ರೊಟ್ಟಿ.

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗಿನ ಮೊದಲ ದರ್ಜೆಯ ಕೊನೆಯ ಭೋಜನವೂ ಕಿರುತಿನಿಸು ಮತ್ತು ಸಿಂಪಿಗಳಿಂದಲೇ ಆರಂಭವಾಯಿತು. ಅತಿಥಿಯು ಒಂದು ಗಳಿಗೆಯಲ್ಲಿ ನುಂಗುವ ಆ ತುತ್ತಿನ ಹಿಂದೆ ಬರಿದಾದ ಕಡಲೂ ಮಲಿನವಾದ ನೀರೂ ದುಡಿಯುವವರ ಬಾಳೂ ಅಡಗಿದ್ದವು.