ಮೈಮೇಲಿನ ಗಾಯ, ಕಾಗದದ ಮೇಲಿನ ಮಾತು

ಹದಿಹರೆಯದ ಮಗಳೋ ಮಗನೋ ಚೈತ್ರ-ವೈಶಾಖದ ಉರಿಬಿಸಿಲಿನಲ್ಲಿಯೂ ತುಂಬುತೋಳಿನ ಅಂಗಿಯನ್ನು ಬಿಡದಿದ್ದರೆ, ಅದು ಈ ಕಾಲದ ಶೋಕಿಯೆಂದು ನಾವು ಸುಮ್ಮನಾಗುವುದುಂಟು. ಎಷ್ಟೋ ಸಲ ಅದು ಶೋಕಿಯೇ. ಕೆಲವೊಮ್ಮೆ ಮಾತ್ರ ಆ ತೋಳಿನ ಕೆಳಗೆ ಮಗು ತನಗೆ ತಾನೇ ಮಾಡಿಕೊಂಡ ಗಾಯಗಳಿರುತ್ತವೆ. ಸಾಯುವ ಇಚ್ಛೆಯಿಲ್ಲದೆ, ತಾಳಲಾರದ ದುಃಖವನ್ನೋ ಕೋಪವನ್ನೋ ಕ್ಷಣಕಾಲ ಇಳಿಸಿಕೊಳ್ಳಲು ದೇಹವನ್ನು ನೋಯಿಸಿಕೊಳ್ಳುವ ಈ ಸ್ಥಿತಿಯನ್ನು ವೈದ್ಯರು ಆತ್ಮಹತ್ಯೆಯ ಉದ್ದೇಶವಿಲ್ಲದ ಸ್ವಹಾನಿ ಎನ್ನುತ್ತಾರೆ. ಇದನ್ನು ಆಸ್ಪತ್ರೆಯ ಕಾಗದದಲ್ಲಿ ಹೇಗೆ ಬರೆಯುತ್ತಾರೆ, ಹೇಗೆ ಬರೆಯಬೇಕು ಎಂಬುದು ಗುಮಾಸ್ತರ ವಿಷಯವೆಂದು ತೋರಬಹುದು. ಆದರೆ ಮಗುವಿನ ಮುಂದಿನ ಚಿಕಿತ್ಸೆ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಗಾಯ ಕಂಡೊಡನೆ ಹೆತ್ತವರು ವೈದ್ಯರಲ್ಲಿ ಮೊದಲು ಬೇಡುವುದು ಏನು? "ಬಿದ್ದು ಪೆಟ್ಟಾಯಿತು ಎಂದು ಬರೆಯಿರಿ, ಹೆಣ್ಣುಮಗು, ನಾಳೆ ಮದುವೆಯಾಗಬೇಕು" ಎಂದು. ಈ ಬೇಡಿಕೆಯ ಹಿಂದಿನ ಸಂಕಟ ನಮಗೆ ಅರ್ಥವಾಗದ್ದಲ್ಲ. ಆದರೆ 'ಬಿದ್ದ ಗಾಯ'ಕ್ಕೆ ಮುಲಾಮು, ಪಟ್ಟಿ, ಒಂದು ಚುಚ್ಚುಮದ್ದು ಸಾಕು. ಮನಸ್ಸಿನ ವೈದ್ಯರ ಬಳಿ ಕಳಿಸುವ ಪ್ರಮೇಯವೇ ಬರುವುದಿಲ್ಲ. ಇದಕ್ಕೆ ಎದುರಾದ ತಪ್ಪೂ ಉಂಟು. ಅವಸರದಲ್ಲಿದ್ದ ವೈದ್ಯರು ಏನನ್ನೂ ಕೇಳದೆ 'ಆತ್ಮಹತ್ಯಾ ಪ್ರಯತ್ನ' ಎಂದು ಬರೆದುಬಿಟ್ಟರೆ, ಸಾಯಬೇಕೆಂದು ಎಂದೂ ಬಯಸದ ಮಗು ಆ ಹೆಸರನ್ನು ಹೊತ್ತು ತಿರುಗಬೇಕಾಗುತ್ತದೆ.

ಈ ಗೊಂದಲಕ್ಕೆ ವೈದ್ಯರೊಬ್ಬರನ್ನೇ ದೂರುವಂತಿಲ್ಲ. ರೋಗಗಳಿಗೆ ಸಂಕೇತಾಂಕ ಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ವರ್ಗೀಕರಣದ 10ನೆಯ ಆವೃತ್ತಿಯಲ್ಲಿ ಎಕ್ಸ್60ರಿಂದ ಎಕ್ಸ್84ರವರೆಗಿನ ಅಂಕಗಳು 'ಉದ್ದೇಶಪೂರ್ವಕ ಸ್ವಹಾನಿ'ಗೆ ಮೀಸಲು. ಅಲ್ಲಿ ಯಾವುದರಿಂದ ಹಾನಿಯಾಯಿತು ಎಂಬುದಕ್ಕೆ ಬೇರೆ ಬೇರೆ ಅಂಕಗಳಿವೆ. ಸಾಯಬೇಕೆಂದಿತ್ತೇ, ಇಲ್ಲವೇ ಎಂಬುದಕ್ಕೆ ಇಲ್ಲ. ಇಬ್ಬರ ಮನಸ್ಸು ಬೇರೆಯಾದರೂ ಅಂಕ ಒಂದೇ. 2022ರ ಜನವರಿ 1ರಿಂದ ಜಾರಿಗೆ ಬಂದ 11ನೆಯ ಆವೃತ್ತಿ ಈ ಕೊರತೆಯನ್ನು ನೀಗಿಸಿತು: ಸಾಯುವ ಉದ್ದೇಶವಿಲ್ಲದ ಸ್ವಗಾಯಕ್ಕೆ ಎಂಬಿ23.ಇ, ಆತ್ಮಹತ್ಯಾ ಪ್ರಯತ್ನಕ್ಕೆ ಎಂಬಿ23.ಆರ್. ಅಮೆರಿಕದವರು ತಮ್ಮ ಆವೃತ್ತಿಯಲ್ಲಿ 2021ರ ಅಕ್ಟೋಬರ್ 1ರಿಂದಲೇ ಆರ್45.88 ಎಂಬುದನ್ನು ಸೇರಿಸಿ, ಹಿಂದೆಂದೋ ಇದ್ದದ್ದನ್ನು ಸೂಚಿಸಲು ಝಡ್91.52 ಎಂಬ ಬೇರೆ ಅಂಕವನ್ನೂ ಇಟ್ಟರು. ಸದ್ಭಕ್ತರು ಈ ಅಂಕಿಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಎರಡು ಸ್ಥಿತಿಗಳು ಬೇರೆಯೆಂದು ಲೋಕದ ವೈದ್ಯಶಾಸ್ತ್ರ ಒಪ್ಪಿದೆಯೆಂದು ತಿಳಿದರೆ ಸಾಕು.

ನಮ್ಮ ಭಾಗದಲ್ಲಿ ಕಾಗದಕ್ಕೆ ಇನ್ನೂ ಒಂದು ಮಹತ್ವವಿದೆ. ಕುರಕುಂಟಾ ಗಡಿಯ ಊರು. ಮೊದಲ ಚಿಕಿತ್ಸೆ ಸೇಡಂನಲ್ಲಿ, ಎರಡನೆಯದು ಕಲಬುರಗಿಯಲ್ಲಿ, ಮೂರನೆಯದು ರೈಲು ಹತ್ತಿ ತಾಂಡೂರಿನಲ್ಲೋ ಹೈದರಾಬಾದಿನಲ್ಲೋ ಆಗುವುದು ಇಲ್ಲಿ ಸಾಮಾನ್ಯ. ಊರು ಬೇರೆ, ರಾಜ್ಯ ಬೇರೆ, ಭಾಷೆಯೂ ಬೇರೆ. ಮೂವರು ವೈದ್ಯರ ನಡುವೆ ಮಾತನಾಡುವುದು ನಮ್ಮ ಕೈಚೀಲದಲ್ಲಿರುವ ಮಡಿಸಿದ ಚೀಟಿಯೊಂದೇ. ಅದು ಸುಳ್ಳು ಹೇಳಿದರೆ ಮೂರನೆಯ ವೈದ್ಯರು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ.

ನಿಜ ಬರೆಸಿದರೆ ಪೊಲೀಸರು ಬರುವರೆಂಬ ಭಯ ಹಳೆಯದು. ಭಾರತೀಯ ದಂಡ ಸಂಹಿತೆಯ 309ನೆಯ ಕಲಮಿನಲ್ಲಿ ಆತ್ಮಹತ್ಯಾ ಪ್ರಯತ್ನಕ್ಕೆ ಒಂದು ವರ್ಷದವರೆಗೆ ಸಜೆಯಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮು, ಅಂಥವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಸರ್ಕಾರವೇ ಆರೈಕೆ ಒದಗಿಸಬೇಕು ಎಂದು ಹೇಳಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಅಪರಾಧವೇ ಇಲ್ಲ. ಸರ್ಕಾರಿ ನೌಕರನನ್ನು ಕರ್ತವ್ಯದ ವಿಷಯದಲ್ಲಿ ಮಣಿಸಲು ಮಾಡುವ ಪ್ರಯತ್ನವಷ್ಟೇ ಉಳಿದಿದೆ. ಆಸ್ಪತ್ರೆಯವರು ವೈದ್ಯ-ಕಾನೂನು ಪ್ರಕರಣವೆಂದು ದಾಖಲಿಸಿದರೂ ಅದರಿಂದ ಮಗು ಅಪರಾಧಿಯಾಗುವುದಿಲ್ಲ. ಮಾನಸಿಕ ಕಾಯಿಲೆಯ ವಿವರ ಗುಪ್ತವಾಗಿರಬೇಕೆಂಬ ಹಕ್ಕು, ತನ್ನ ದಾಖಲೆಯನ್ನು ಪಡೆಯುವ ಹಕ್ಕು, ದೇಹದ ಕಾಯಿಲೆಗಿರುವಂತೆಯೇ ವಿಮೆಯ ಹಕ್ಕು, ಇವೆಲ್ಲವೂ 2017ರ ಕಾಯ್ದೆಯಲ್ಲಿಯೇ ಇವೆ.

ಹಾಗಾದರೆ ಒಳ್ಳೆಯ ದಾಖಲೆ ಹೇಗಿರುತ್ತದೆ? ಮಗುವಿನೊಡನೆ ಏಕಾಂತದಲ್ಲಿ ಮಾತನಾಡಿ, ಅದರದೇ ಮಾತಿನಲ್ಲಿ ಉದ್ದೇಶವನ್ನು ಬರೆದಿರಬೇಕು. ಇದು ಮೊದಲ ಸಲವೇ, ಯಾವಾಗಿನಿಂದ, ಯಾವುದರ ಬೆನ್ನಿಗೆ ಹೀಗಾಗುತ್ತದೆ, ಯಾರು ಹತ್ತಿರವಿದ್ದರೆ ಸಮಾಧಾನವಾಗುತ್ತದೆ, ಮತ್ತೆ ಬರಬೇಕಾದ ದಿನ ಯಾವುದು ಎಂಬಿವೂ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಾಯುವ ಯೋಚನೆ ಈಗ ಇದೆಯೇ ಎಂಬ ಪ್ರಶ್ನೆಗೆ ಪ್ರತಿ ಭೇಟಿಯಲ್ಲೂ ಹೊಸ ಉತ್ತರವಿರಬೇಕು. ಏಕೆಂದರೆ 'ಸಾಯುವ ಉದ್ದೇಶವಿಲ್ಲ' ಎಂಬ ಬರಹ ಆ ದಿನದ ಮಾತು, ಅಭಯಪತ್ರವಲ್ಲ. ಹೀಗೆ ತಮ್ಮನ್ನು ನೋಯಿಸಿಕೊಳ್ಳುವವರಲ್ಲಿ ಮುಂದೆ ಆತ್ಮಹತ್ಯೆಯ ಅಪಾಯ ಇತರರಿಗಿಂತ ಹೆಚ್ಚೆಂಬುದು ಸ್ಥಾಪಿತವಾದ ಸಂಗತಿ. ಹಾಗೆ ಕೇಳಿದರೆ ಮಗುವಿನ ತಲೆಯಲ್ಲಿ ಇಲ್ಲದ ಯೋಚನೆ ಹುಟ್ಟೀತೆಂಬ ಅಂಜಿಕೆ ಬೇಡ. ಕೇಳುವವರಿದ್ದಾರೆಂದು ತಿಳಿದು ಎಷ್ಟೋ ಮಕ್ಕಳು ನಿಟ್ಟುಸಿರು ಬಿಡುತ್ತಾರೆ. ತೊಗರಿಗೆ ತಂದ ಕ್ರಿಮಿನಾಶಕವನ್ನು ಮಾತ್ರ ಪಡಸಾಲೆಯ ಮೂಲೆಯಲ್ಲಿಡದೆ ಬೀಗದೊಳಗಿಡುವುದು ನಮ್ಮ ಮನೆಗಳಲ್ಲಿ ಇಂದೇ ಆಗಬೇಕಾದ ಕೆಲಸ. ಬೈಗುಳವಾಗಲಿ, ಆಣೆ-ಪ್ರಮಾಣವಾಗಲಿ ಈ ನೋವಿಗೆ ಔಷಧಿಯಾಗುವುದಿಲ್ಲ.

ಹಳ್ಳಿಗೆ ಮನೋವೈದ್ಯ ಎಲ್ಲಿಂದ ಬರಬೇಕು ಎಂದು ಕೇಳಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ಇಂದು ದೇಶವೆಲ್ಲ ಬಲ್ಲ ಯೋಜನೆಯ ಮಾದರಿ ಸಿದ್ಧವಾದದ್ದು ನಮ್ಮದೇ ಕಲ್ಯಾಣ ಕರ್ನಾಟಕದ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್ ವೈದ್ಯರ ಶ್ರಮದಿಂದ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ರೂಪಿಸಿದೆ. ಹೊರಡುವ ಮುನ್ನ ಆ ವಾರ ಬರುವರೇ ಎಂದು ವಿಚಾರಿಸಿಕೊಳ್ಳುವುದು ಲೇಸು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ 14416ಕ್ಕೆ ಹಗಲಿರುಳೆನ್ನದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ದುಡ್ಡು ಬೇಕಿಲ್ಲ. ಸಾಯುವ ಮಾತು ಮಗುವಿನ ಬಾಯಲ್ಲಿ ಬಂದರೆ ಮಂಗಳವಾರದವರೆಗೆ ಕಾಯದೆ, ಒಂಟಿಯಾಗಿ ಬಿಡದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹೋಗುವಾಗ ಹಳೆಯ ಚೀಟಿಗಳೆಲ್ಲವೂ, ಹರಿದದ್ದಾದರೂ ಸರಿ, ಜೊತೆಗಿರಲಿ.